ಚುಕ್ಕೆ ಮೇಸ್ತ್ರಿಯ ಆರು ಬೋಲ್ಟು

ಎಸಿ ಕೂರಿಸುವವರಲ್ಲಿ ಎರಡು ಬಗೆ. ಗೋಡೆಗೆ ಹೊಡೆದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸೀದಾ ಯಂತ್ರವನ್ನಿಟ್ಟು, ಮಿಕ್ಕಿದ್ದನ್ನು ದೇವರಿಗೆ ಬಿಟ್ಟು ಮನೆಗೆ ಹೋಗುವವರು ಒಂದು ಬಗೆ. ಮೊದಲು ತಾವೇ ಅದರ ಮೇಲೆ ನಿಂತು, ಎರಡು ಸಲ ಕುಪ್ಪಳಿಸಿ, ಆಮೇಲೆ ಯಂತ್ರವನ್ನು ಕಿಟಕಿಯಾಚೆ ಚಾಚುವವರು ಇನ್ನೊಂದು ಬಗೆ. ಮೇಸ್ತ್ರಿ ಎರಡನೆಯ ಬಗೆಯವನು. ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುವುದೂ ಅವನಿಗೆ ಗೊತ್ತಿತ್ತು.

ನಿಂತು ಪರೀಕ್ಷಿಸಿದ ಸ್ಟ್ಯಾಂಡಿನ ಪ್ರತಿ ಬೋಲ್ಟಿನ ತಲೆಗೂ ಅವನು ಒಂದು ಕೆಂಪು ಚುಕ್ಕೆ ಇಡುತ್ತಿದ್ದ. ಬಣ್ಣ ಹೆಂಡತಿಯ ಉಗುರುಬಣ್ಣ. ಮದುವೆಯಾದ ಹೊಸತರಲ್ಲಿ ಅವಳ ಶೀಶೆಯನ್ನು ಕೇಳದೆ ಎತ್ತಿಕೊಂಡು ಹೋಗಿದ್ದ. ಸಂಜೆ ಅವಳು, "ನನ್ನ ಬೆರಳಿಗಿಂತ ಆ ಬೋಲ್ಟುಗಳೇ ಚೆಂದ ಕಂಡ್ವಾ ನಿಮಗೆ?" ಎಂದು ಮುಖ ಊದಿಸಿಕೊಂಡಿದ್ದಳು. ಆಮೇಲಾಮೇಲೆ ಅವಳೇ ಅಂಗಡಿ ಅಂಗಡಿ ತಿರುಗಿ, ಬಿಸಿಲಿಗೆ ಬೇಗ ಮಾಸದ ಬಣ್ಣವೊಂದನ್ನು ಆರಿಸಿ, ವರ್ಷಕ್ಕಾಗುವಷ್ಟು ತಂದಿಡತೊಡಗಿದಳು. ತನ್ನ ಉಗುರಿಗೆ ಹಚ್ಚಿಕೊಳ್ಳುವುದನ್ನು ಬಿಟ್ಟೇಬಿಟ್ಟಳು. ಊರಿನ ಫಿಟ್ಟರುಗಳೆಲ್ಲ ಅವನನ್ನು ಚುಕ್ಕೆ ಮೇಸ್ತ್ರಿ ಎನ್ನುತ್ತಿದ್ದರು. ಎದುರಿಗೆ ಅಂದರೆ ಗದರುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ.

ಅವನ ಕೈಕೆಳಗೆ ಕೆಲಸ ಕಲಿತವನು ಭಾಮೈದ. ತಾಯಿ ತೀರಿಕೊಂಡಾಗ ಎಂಟು ವರ್ಷದವನು, ಅಕ್ಕನ ಕೈ ಹಿಡಿದುಕೊಂಡೇ ಈ ಮನೆಗೆ ಬಂದಿದ್ದ. ಈಗ ಮೂವತ್ತು ದಾಟಿತ್ತು. ಅಕ್ಕನಿಗೆ ಅವನು ತಮ್ಮನೋ ಮಗನೋ ಎಂದು ಕೇಳಿದರೆ ಅವಳೇ ತಡಬಡಿಸುತ್ತಿದ್ದಳು. ಭಾವ ಹೇಳಿಕೊಟ್ಟದ್ದನ್ನು ಅವನು ಒಂದಕ್ಷರ ಬಿಡದೆ ಪಾಲಿಸುತ್ತಿದ್ದ. ಎತ್ತರದ ಕೆಲಸಕ್ಕೆ ಹೋದರೆ ಫೋನನ್ನು ಚೀಲದೊಳಗೆ ಹಾಕಿ ಕೆಳಗಿಡುವುದು, ಸೊಂಟಕ್ಕೆ ಬೆಲ್ಟು ಬಿಗಿಯುವುದು, ಸ್ಟ್ಯಾಂಡನ್ನು ಕಾಲಲ್ಲಿ ಒತ್ತಿ ನೋಡುವುದು. ಒಂದೇ ಒಂದು ವಿನಾಯಿತಿಯನ್ನು ಅವನೇ ಸೇರಿಸಿಕೊಂಡಿದ್ದ.

"ಚುಕ್ಕೆ ಇದ್ದಲ್ಲಿ ಬೆಲ್ಟು ಯಾಕೆ ಭಾವ? ನೀವೇ ಕೆಳಗಿಂದ ಹಿಡ್ಕೊಂಡಿರೋ ಹಾಗಿರುತ್ತೆ."

"ಮುಚ್ಚು ಬಾಯಿ. ಹಾಕ್ಕೋ ಅಂದ್ರೆ ಹಾಕ್ಕೋಬೇಕು" ಎಂದು ಮೇಸ್ತ್ರಿ ಬಯ್ಯುತ್ತಿದ್ದ. ಬಯ್ಯುವಾಗ ಅವನ ಮುಖದಲ್ಲಿ ನಗು ಇರುತ್ತಿತ್ತು. ನಗುನಗುತ್ತ ಬೈದ ಮಾತನ್ನು ಯಾವನು ತಾನೇ ಕೇಳುತ್ತಾನೆ?

ಏಳು ವರ್ಷದ ಹಿಂದೆ, ಬೇಸಿಗೆಯ ನಡುಮಧ್ಯೆ, ಐದನೇ ಮಹಡಿಯ ಟೀಚರ ಮನೆಯಲ್ಲಿ ಒಂದು ಕೆಲಸ ಕೆಟ್ಟಿತು. ಅವತ್ತು ಭಾಮೈದ ಜ್ವರ ಬಂದು ಮಲಗಿದ್ದ, ಮೇಸ್ತ್ರಿ ಒಬ್ಬನೇ. ಸ್ಟ್ಯಾಂಡಿಗೆ ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಬೋಲ್ಟು. ಎಡಗಡೆಯ ಮೂರೂ ಗಟ್ಟಿಯಾಗಿ ಕೂತವು. ಬಲಗಡೆ ಮೇಲಿನ ತೂತಿಗೆ ಡ್ರಿಲ್ ಹಚ್ಚಿದರೆ ಒಳಗಿನ ಕಂಬಿಗೆ ತಾಗಿ ಕಿಡಿ ಹಾರಿತು, ಮುಂದಕ್ಕೆ ಹೋಗಲಿಲ್ಲ. ಅದರ ಕೆಳಗಿನದು ಪೊಳ್ಳು ಇಟ್ಟಿಗೆಯೊಳಕ್ಕೆ ಪುಸಕ್ಕೆಂದು ಹೋಯಿತು. ಬೋಲ್ಟು ಹಾಕಿದರೆ ಹಲ್ಲು ಬಿದ್ದ ವಸಡಿನಲ್ಲಿ ಬೆರಳಾಡಿಸಿದ ಹಾಗೆ ಆಡುತ್ತಿತ್ತು. ಕೆಳತುದಿಯದೊಂದೇ ಹೇಗೋ ಕಚ್ಚಿಕೊಂಡಿತು. ಸ್ಟ್ಯಾಂಡನ್ನೇ ಒಂದು ಗೇಣು ಆಚೆಗೆ ಸರಿಸಬೇಕಿತ್ತು. ಆದರೆ ತಾಮ್ರದ ಪೈಪಿಗೆ ಗೋಡೆ ಕೊರೆದಾಗಿತ್ತು, ಪೈಪು ಅಳತೆಗೆ ಕತ್ತರಿಸಿಯೂ ಆಗಿತ್ತು. ಒಳಗೆ ಟೀಚರ ಕಾಯಿಲೆಯ ಗಂಡ ಬೆವರಿನಲ್ಲಿ ತೊಯ್ದು ಮಲಗಿದ್ದರು. ಇನ್ನೂ ಮೂರು ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

ಮೇಸ್ತ್ರಿ ಎರಡು ಬೋಲ್ಟುಗಳನ್ನು ತಲೆಯ ಹತ್ತಿರಕ್ಕೆ ಗರಗಸದಲ್ಲಿ ಕೊಯ್ದ. ತಲೆಗಳನ್ನಷ್ಟೇ ಪುಟ್ಟಿ ಮೆತ್ತಿ ತೂತುಗಳ ಮೇಲೆ ಅಂಟಿಸಿದ. ಯಂತ್ರದ ತೂಕ ಎಷ್ಟು ಮಹಾ, ನಾಲ್ಕು ಬೋಲ್ಟಿಗೆ ಧಾರಾಳ ಅಂದುಕೊಂಡ. ನಾಳೆ ಉದ್ದದ ಬೋಲ್ಟು ತಂದು ಸರಿಮಾಡಿದರಾಯಿತು ಎಂದೂ ಅಂದುಕೊಂಡ. ಅವತ್ತು ಅವನು ಅದರ ಮೇಲೆ ನಿಲ್ಲಲಿಲ್ಲ. ಯಂತ್ರ ಕೂರಿಸಿ, ನಟ್ಟು ಬಿಗಿದು, ಪೈಪಿನೊಳಗಿನ ಗಾಳಿಯನ್ನು ಪಂಪಿನಲ್ಲಿ ಪೂರಾ ಎಳೆದು, ಗ್ಯಾಸು ಬಿಟ್ಟು, ತಣ್ಣನೆ ಗಾಳಿ ಬಂದ ಮೇಲೆ ಸಾಮಾನು ಕಟ್ಟಿದ. ಟೀಚರು ಕಿಟಕಿಯಿಂದ ಬಗ್ಗಿ, "ಚುಕ್ಕೆ ಇಡಲಿಲ್ವಲ್ಲ?" ಎಂದು ಕೇಳಿದರು. ಅವನ ಹೆಸರು ಅಷ್ಟು ದೂರ ಹೋಗಿತ್ತು ನೋಡಿ. ಅವನು ಶೀಶೆ ತೆಗೆದು ಆರಕ್ಕೂ ಇಟ್ಟ.

ಆ ನಾಳೆ ಬರಲೇ ಇಲ್ಲ. ಬಿಚ್ಚಿ ಸರಿಮಾಡಬೇಕೆಂದರೆ ಟೀಚರ ಎದುರಿಗೇ ಬಿಚ್ಚಬೇಕು. ಯಾಕೆ ಅಂದರೆ ಏನನ್ನುವುದು? ವರ್ಷ ವರ್ಷ ಸರ್ವೀಸಿಗೆ ಕರೆದಾಗ, "ಆ ಮನೆ ನಂದು, ನೀನು ಬೇರೆ ಕಡೆ ಹೋಗು" ಎಂದು ಭಾಮೈದನನ್ನು ಸಾಗಹಾಕಿ ತಾನೇ ಹೋಗುತ್ತಿದ್ದ. ಬೆಲ್ಟು ಬಿಗಿದುಕೊಂಡು, ಕಿಟಕಿಯಲ್ಲಿ ಅರ್ಧ ಮೈ ಹೊರಚಾಚಿ, ಸ್ಟ್ಯಾಂಡಿಗೆ ಕಾಲು ಸೋಕದಂತೆ ಔಟ್‌ಡೋರ್ ಯಂತ್ರವನ್ನು ತೊಳೆದು ಬರುತ್ತಿದ್ದ. ಕಳ್ಳ ತಾನು ಕನ್ನ ಹಾಕಿದ ಮನೆಯನ್ನು ಕಾಯುವ ಹಾಗೆ ಆ ಮನೆಯನ್ನು ಅವನು ಏಳು ವರ್ಷ ಕಾದ.

ಈ ವರ್ಷ ಅವನ ಮಂಡಿ ಕೈಕೊಟ್ಟಿತು. ಏಣಿ ಹತ್ತಕೂಡದು ಎಂದರು ಡಾಕ್ಟರು. ಅವನು ಅಂಗಡಿಯಲ್ಲಿ ಕೂತು ಫೋನು ತೆಗೆದುಕೊಳ್ಳುತ್ತಿದ್ದ, ಭಾಮೈದ ಮನೆಮನೆ ಸುತ್ತುತ್ತಿದ್ದ. ಆ ಬೆಳಿಗ್ಗೆ ಮೇಸ್ತ್ರಿ ಮಂಡಿ ತೋರಿಸಲು ಹೋಗಿದ್ದರಿಂದ ಅಂಗಡಿಯಲ್ಲಿ ಹೆಂಡತಿ ಕೂತಿದ್ದಳು. ಹನ್ನೊಂದಕ್ಕೆ ಕುಂಟುತ್ತ ಬಂದು ಫೋನಿನ ದೂರು ಬರೆದಿಡುವ ಪುಸ್ತಕ ತೆರೆದ. ಅವಳ ದುಂಡು ಅಕ್ಷರ: ಟೀಚರ ಮನೆ, ಐದನೇ ಮಹಡಿ, ತಂಪು ಬರ್ತಿಲ್ಲ.

"ಇದಕ್ಕೆ ಯಾರು ಹೋಗಿದ್ದು?"

"ಇನ್ಯಾರು ಹೋಗ್ತಾರೆ? ನನ್ನ ತಮ್ಮ. ಪಾಪ, ಆ ಮನೆಗೆ ಭಾವನೇ ಹೋಗೋದು ಅಂದ. ನಾನೇ ದಬಾಯಿಸಿ ಕಳಿಸ್ದೆ. ಈ ಕಾಲಿಟ್ಕೊಂಡು ನೀವು ಐದು ಮಹಡಿ ಹತ್ತೋದು ಬೇಡ ಅಂತ."

ಮೇಸ್ತ್ರಿ ಆ ಸಾಲನ್ನು ಮತ್ತೊಮ್ಮೆ ಓದಿದ. ತಂಪು ಬರುತ್ತಿಲ್ಲ ಎಂದರೆ ಗ್ಯಾಸು ಸೋರಿದೆ. ಸೋರಿದ್ದರೆ ಮೊದಲು ನೋಡುವುದು ಪೈಪಿನ ನಟ್ಟುಗಳನ್ನು. ನಟ್ಟುಗಳಿರುವುದು ಔಟ್‌ಡೋರಿನ ಬಲಗಡೆ. ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಿಗಿಯಬೇಕಾದರೆ ಮನುಷ್ಯ ಬಲಗಡೆಗೇ ಭಾರ ಬಿಟ್ಟು ನಿಲ್ಲಬೇಕು. ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಎತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಫೋನು ಚೀಲದಲ್ಲಿರಬೇಕೆಂದು ಹೇಳಿಕೊಟ್ಟವನು ಅವನೇ. ಟೀಚರ ಮನೆಯ ನಂಬರಿಗೆ ಮಾಡಿದರೆ ಲೈನು ಸಿಗಲಿಲ್ಲ, ಅಲ್ಲಿ ಯಾರೋ ಮಾತಾಡುತ್ತಲೇ ಇದ್ದರು.

"ಏನಾಯ್ತು ರೀ? ಮುಖ ಯಾಕೆ ಹಾಗಿದೆ?" ಎಂದು ಹೆಂಡತಿ ಕೇಳುತ್ತಿರುವಂತೆಯೇ ಸ್ಕೂಟರಿನ ಕೀಲಿ ಕಿತ್ತುಕೊಂಡು ಓಡಿದ. ಆ ಮಂಡಿಯಲ್ಲಿ ಓಡಿದ ಎಂದರೆ ಡಾಕ್ಟರು ನಂಬಲಿಕ್ಕಿಲ್ಲ.

ಕಟ್ಟಡದ ಬುಡದಲ್ಲಿ ಜನ ಸೇರಿದ್ದರು. ಮೇಸ್ತ್ರಿ ಮೊದಲು ಮೇಲಕ್ಕೆ ನೋಡಿದ. ಯಾಕೆಂದರೆ ಕೆಳಗೆ ನೋಡುವ ಧೈರ್ಯ ಅವನಿಗಿರಲಿಲ್ಲ. ಐದನೇ ಮಹಡಿಯಲ್ಲಿ ಸ್ಟ್ಯಾಂಡಿನ ಬಲತುದಿ ಗೋಡೆಯಿಂದ ಕಿತ್ತು ಬಂದಿತ್ತು. ಎಡಗಡೆಯ ಮೂರು ಬೋಲ್ಟು ಮತ್ತು ತಾಮ್ರದ ಪೈಪು ಹಿಡಿದುಕೊಂಡು ಯಂತ್ರ ಓರೆಯಾಗಿ ನೇತಾಡುತ್ತಿತ್ತು. ಬಿದ್ದಿರಲಿಲ್ಲ. ಯಂತ್ರದ ಮಟ್ಟಿಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಕೆಳಗೆ ನೋಡಿದ. ಯಾರೋ ಬೆಡ್‌ಶೀಟ್ ಹೊದಿಸಿದ್ದರು. ಅದರಾಚೆ ಒಂದು ಕಾಲಿನ ಶೂ ಕಾಣುತ್ತಿತ್ತು, ಮೇಸ್ತ್ರಿಯೇ ಕೊಡಿಸಿದ್ದ ಶೂ.

ಟೀಚರು ಅವನ ತೋಳು ಹಿಡಿದುಕೊಂಡು ಅತ್ತರು. "ಬೆಲ್ಟು ಇಲ್ಲೇ ಇದೆಯಲ್ಲಪ್ಪ, ಹಾಕ್ಕೋ ಅಂದೆ. ಇದು ನಮ್ಮ ಭಾವನ ಕೈ, ಇದಕ್ಕೆ ಬೆಲ್ಟು ಹಾಕಿದ್ರೆ ಅವರಿಗೆ ಅವಮಾನ ಮಾಡಿದ ಹಾಗೆ ಅಂತ ನಕ್ಕ. ನಗ್ತಾನೇ ಹೊರಗೆ ಕಾಲಿಟ್ಟ."

ಪೊಲೀಸಿನವನು ಬಂದು ಮೇಲೆ ಕೆಳಗೆ ನೋಡಿ, "ತುಕ್ಕು ಹಿಡಿದಿರಬೇಕು, ಮಳೆ ಬಿಸಿಲಿಗೆ ಹೀಗೇ ಆಗೋದು" ಎಂದು ಬರೆದುಕೊಂಡ. ಮೇಸ್ತ್ರಿಯ ಕಣ್ಣು ಹೂಕುಂಡದ ಬುಡದಲ್ಲಿದ್ದ ಒಂದು ಕೆಂಪು ಚುಕ್ಕೆಯ ಮೇಲಿತ್ತು, ಕೊಯ್ದ ಬೋಲ್ಟಿನ ತಲೆ. ಎಲ್ಲರೂ ಆಂಬ್ಯುಲೆನ್ಸಿನ ಕಡೆ ತಿರುಗಿದಾಗ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಯಾಕೆ ಎತ್ತಿಕೊಂಡ, ಬಚ್ಚಿಡಲೋ ತೋರಿಸಲೋ, ಅವನಿಗೇ ಗೊತ್ತಿರಲಿಲ್ಲ.

ಮೂರು ದಿನ ಮನೆ ತುಂಬ ಜನ. ಫಿಟ್ಟರುಗಳೆಲ್ಲ ಬಂದು ಬಾಗಿಲಲ್ಲಿ ನಿಂತು ಹೋದರು. ಅವರಲ್ಲಿ ಒಬ್ಬಿಬ್ಬರು ಆ ಕಟ್ಟಡಕ್ಕೆ ಹೋಗಿ ನೋಡಿ ಬಂದಿದ್ದರು, ಅವರು ಮಾತ್ರ ಮೇಸ್ತ್ರಿಯ ಮುಖ ನೋಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮನೆ ಖಾಲಿಯಾಯಿತು. ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಅತ್ತು ಅತ್ತು ದನಿ ಬತ್ತಿಹೋಗಿತ್ತು.

"ನಾನೇ ಕಳಿಸ್ದೆ. ಹೋಗಲ್ಲ ಅಂದವನನ್ನ ನಾನೇ ದಬ್ಬಿ ಕಳಿಸ್ದೆ" ಎಂದಳು.

"ನಿಂದೇನೂ ತಪ್ಪಿಲ್ಲ."

"ನಂದಲ್ಲ ಅಂದ್ರೆ ಯಾರದು ಮತ್ತೆ?" ಅವಳು ಕತ್ತೆತ್ತಿದಳು. "ನೀವು ಬರೀ ಸರ್ವೀಸಿಗೆ ಹೋಗ್ತಿದ್ದ ಮನೆ, ಯಾವನೋ ಕೈ ಸರಿಯಿಲ್ಲದವನು ಹೊಡೆದಿರೋ ಸ್ಟ್ಯಾಂಡು ಅದು. ನೀವು ಹೊಡೆದದ್ದಾಗಿದ್ರೆ ನನ್ನ ತಮ್ಮ ಇವತ್ತು ಇಲ್ಲಿ ಕೂತು ಕಾಫಿ ಕುಡೀತಿದ್ದ. ಅವನ್ಯಾರು ಅಂತ ಹುಡುಕಿ ರೀ. ನಿಮಗೆ ಎಲ್ಲ ಫಿಟ್ಟರುಗಳೂ ಗೊತ್ತು. ಹುಡುಕಿ ನನ್ನ ಮುಂದೆ ತಂದು ನಿಲ್ಲಿಸಿ. ನಾನೇನೂ ಮಾಡಲ್ಲ. ಮುಖ ನೋಡ್ಬೇಕು ಅಷ್ಟೆ."

ಗೋಡೆಯ ಗೂಡಿನಲ್ಲಿ ಅವಳೇ ತಂದಿಟ್ಟಿದ್ದ ಕೆಂಪು ಶೀಶೆಗಳು ಸಾಲಾಗಿ ನಿಂತಿದ್ದವು. ತುಕ್ಕು ಎಂದು ಕಾಗದದಲ್ಲಿ ಬರೆದಾಗಿದೆ. ಸುಮ್ಮನಿದ್ದರೆ ಈ ಮನೆ ಹೀಗೇ ಉಳಿಯುತ್ತದೆ. ಇವಳು ತಮ್ಮನನ್ನು ಕೊಂದವಳು ತಾನೇ ಅಂದುಕೊಂಡು ಸಾಯುವ ತನಕ ಸವೆಯುತ್ತಾಳೆ. ಮೇಸ್ತ್ರಿಗೆ ತನ್ನ ಮೇಲೆ ಹೇಸಿಗೆಯಾಯಿತು. ಜೇಬಿಗೆ ಕೈ ಹಾಕಿ, ಆ ಬೋಲ್ಟಿನ ತಲೆಯನ್ನು ತೆಗೆದು, ಅವಳ ಅಂಗೈಯಲ್ಲಿಟ್ಟ.

ಅವಳು ಮೊದಲು ಬಣ್ಣವನ್ನು ನೋಡಿದಳು. ಹೆಬ್ಬೆರಳಲ್ಲಿ ಒರೆಸಿ, ಗೂಡಿನ ಕಡೆ ಕಣ್ಣು ಹಾಯಿಸಿ, ಮತ್ತೆ ನೋಡಿದಳು. ಆಮೇಲೆ ತಿರುಗಿಸಿದಳು. ಹಿಂದುಗಡೆ ಒಣಗಿದ ಪುಟ್ಟಿ, ಗರಗಸ ಕೊಯ್ದ ಗೀರು. ಇಪ್ಪತ್ತೈದು ವರ್ಷ ಫಿಟ್ಟರನ ಜೊತೆ ಬಾಳಿದವಳಿಗೆ ಬೋಲ್ಟು ಎಷ್ಟುದ್ದ ಇರಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದರ ಉಳಿದ ಭಾಗ ಎಲ್ಲಿ?" ಎಂದು ಕೇಳಿದಳು.

"ಉಳಿದದ್ದು ಇರಲೇ ಇಲ್ಲ" ಎಂದ ಮೇಸ್ತ್ರಿ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು.