ಕಳೆ ಬಂದಿದೆ

ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ಗಿಡದ ಕೆಲಸವೇನು ಗೊತ್ತು ಎಂದು ಸಸ್ಯತೋಟದ ಕೆಲಸಗಾರರು ಮೊದಲ ದಿನವೇ ಅವಳನ್ನು ಟೈಲರಮ್ಮ ಎಂದು ಕರೆಯತೊಡಗಿದರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಊರಿನವರೆಲ್ಲ ಹೊಲಿದಿಟ್ಟ ಬಟ್ಟೆಯನ್ನೇ ಕೊಳ್ಳತೊಡಗಿ, ಅವಳ ಹತ್ತಿರ ಬರುವವರು ಗುಂಡಿ ಕಿತ್ತುಹೋದವರು, ಜಿಪ್ ಕೆಟ್ಟವರು ಮಾತ್ರ ಎಂಬಂತಾಗಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಇನ್ನೊಂದು ಕಸುಬು ಕೈಹಿಡಿದದ್ದೇ ಹೆಚ್ಚು.

ಅವಳ ಕೆಲಸ ತೋಟದ ಹಿಂಬದಿಯ ಗಾಜಿನ ಮನೆಯಲ್ಲಿ. ಅಲ್ಲಿದ್ದದ್ದೆಲ್ಲ ಒಂದೇ ಕುಲದ ಗಿಡಗಳು. ಗೇಣುದ್ದ ಮೀರದವು, ಬಿಸಿಲೇ ಪ್ರಾಣ ಎನ್ನುವವು, ದಪ್ಪ ಎಲೆಯಲ್ಲಿ ನೀರು ಬಚ್ಚಿಟ್ಟುಕೊಳ್ಳುವವು. ಕಿಟಕಿಯ ಕುಂಡದಲ್ಲಿ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಟೇಬಲ್ ರೋಸ್ ಮತ್ತು ಕಾಲುದಾರಿಯ ಬಿರುಕಿನಲ್ಲಿ ಕೇಳುವವರಿಲ್ಲದೆ ಹಬ್ಬುವ ಗೋಣಿಸೊಪ್ಪು ಅಕ್ಕತಂಗಿಯರು ಎಂದು ಅಲ್ಲಿನ ಸಂಶೋಧಕಿ ಮೇಡಂ ತೋರಿಸಿದಾಗ ಅವಳಿಗೆ ನಗು ಬಂದಿತ್ತು. ಒಂದೇ ಹೊಟ್ಟೆಯಲ್ಲಿ ಒಬ್ಬಳು ರೇಷ್ಮೆ, ಒಬ್ಬಳು ಗೋಣಿ. ಉಳಿದ ಸೋದರಿಯರು ಸಾಲಾಗಿ ನಂಬರು ಹಾಕಿದ ಟ್ರೇಗಳಲ್ಲಿದ್ದರು, ಹೆಚ್ಚುಕಡಿಮೆ ಎಲ್ಲರ ಮುಂದೆಯೂ ಹೆಸರಿನ ಚೀಟಿ. ಮೇಡಂ ಹತ್ತೊಂಬತ್ತು ವರ್ಷದಿಂದ ಈ ಮನೆತನವನ್ನೇ ಓದುತ್ತಿದ್ದರು.

ನೀರು ಹಾಕುವುದನ್ನು ಕಲಿಸಿದವರು ಮೇಸ್ತ್ರಿ. ಎಲೆ ಸುಕ್ಕುಗಟ್ಟುವ ತನಕ ಕಾಯಬೇಕು, ಅಲ್ಲಿಯವರೆಗೆ ಕೈ ಕಟ್ಟಿಕೊಂಡು ನಿಲ್ಲುವುದೇ ಕೆಲಸ ಎನ್ನುತ್ತಿದ್ದರು. ಹತ್ತು ದಿನ ಹೀಗೆ ಹೇಳಿಕೊಟ್ಟು ಹನ್ನೊಂದನೆಯ ದಿನ ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿ, ಬಿದ್ದು ಕಾಲು ಮುರಿದುಕೊಂಡರು. ಅದೇ ವಾರ ಮೇಡಂ ಕೂಡ ನಾಲ್ಕು ದಿನದ ಸಭೆಗೆ ಹೊರಡಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ, ಮೇಸ್ತ್ರಿಯ ಪುಸ್ತಕ ನೋಡಿಕೊಂಡು ಮಾಡಿ, ಎಲ್ಲ ಅದರಲ್ಲಿದೆ ಎಂದು ಹೇಳಿ ಹೋದರು.

ಮಾತಿನಲ್ಲಿ ಧಾರಾಳಿಯಾದ ಮೇಸ್ತ್ರಿ ಬರವಣಿಗೆಯಲ್ಲಿ ಜಿಪುಣರು. ಒಂದು ದಿನಕ್ಕೆ ಒಂದು ಸಾಲು ಬರೆದರೆ ಹೆಚ್ಚು. ಕೊನೆಯ ಸಾಲು ಹೀಗಿತ್ತು: ‘೨೩ — ಕಳೆ ಬಂದಿದೆ. ತಡ ಮಾಡಬಾರದು.’

ಇಪ್ಪತ್ತಮೂರನೆಯ ಟ್ರೇ ಕೊನೆಯ ಮೂಲೆಯಲ್ಲಿತ್ತು. ಹೆಸರಿನ ಚೀಟಿ ಇಲ್ಲದ್ದು ಅದೊಂದೇ. ಹೂವಿಲ್ಲ, ಚಂದವಿಲ್ಲ, ದಾರಿಬದಿಯ ಗೋಣಿಸೊಪ್ಪಿನಂಥದೇ ಒಂದು ಗಿಡ ಅಡ್ಡಾದಿಡ್ಡಿ ಹರಡಿತ್ತು. ಖಾಲಿ ಟ್ರೇಗೆ ಕಳೆ ಬಿದ್ದು ತುಂಬಿಕೊಂಡಿದೆ ಎಂದುಕೊಂಡು ಟೈಲರಮ್ಮ ಸೆರಗು ಸಿಕ್ಕಿಸಿ ಕೂತಳು. ಬೇರು ಸಮೇತ ಒಂದೆಳೆ ಬಿಡದೆ ಕಿತ್ತಳು, ಮಣ್ಣನ್ನು ಅಂಗೈಯಿಂದ ಇಸ್ತ್ರಿ ಹಾಕಿದಂತೆ ಸಮ ಮಾಡಿದಳು. ಕಿತ್ತದ್ದನ್ನು ಹೊರಗಿನ ಕಸದ ಗುಡ್ಡೆಗೆ ಹಾಕಿ ಬಂದಳು.

ಊಟದ ಹೊತ್ತಿಗೆ ಪಕ್ಕದ ಬೀದಿಯಲ್ಲೇ ಇದ್ದ ಮೇಸ್ತ್ರಿಯನ್ನು ನೋಡಲು ಹೋದಳು. ಅವರು ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲೇರಿಸಿ ಮಲಗಿದ್ದರು. ಬರೆದಿಟ್ಟ ಕೆಲಸವನ್ನೆಲ್ಲ ಮುಗಿಸಿದೆ, ಇಪ್ಪತ್ತಮೂರರಲ್ಲಿದ್ದ ಕಳೆಯನ್ನೂ ಕಿತ್ತು ಸಾಫು ಮಾಡಿದೆ ಎಂದು ಅವಳು ಉಬ್ಬಿ ಹೇಳಿದಳು. ಮೇಸ್ತ್ರಿ ಮೊದಲು ನಕ್ಕರು, ತಮಾಷೆ ಎಂದುಕೊಂಡು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು.

“ಅಯ್ಯೋ ತಾಯಿ, ಆ ಕಳೆ ಅಲ್ಲ. ಬೀಜಕ್ಕೆ ಕಳೆ ಬಂದಿದೆ ಅಂತ ಬರೆದೆ. ಬಸುರಿ ಹೆಂಗಸಿನ ಮುಖಕ್ಕೆ ಬರುತ್ತಲ್ಲ, ಆ ಕಳೆ.”

ಮೇಸ್ತ್ರಿ ಮೆಲ್ಲಗೆ ವಿವರಿಸಿದರು. ಒಂಬತ್ತು ವರ್ಷದ ಹಿಂದೆ ಒಂದು ಕಲ್ಲುಬಂಡೆಯ ಸಂದಿಯಿಂದ ಮೇಡಂ ತಂದ ಗಿಡ ಅದು. ಆ ಬಂಡೆ ಈಗ ಜಲ್ಲಿಯಾಗಿ ಯಾವ ರಸ್ತೆಗೆ ಸೇರಿದೆಯೋ. ಬೇರೆಲ್ಲೂ ಸಿಕ್ಕಿಲ್ಲ. ಪುಸ್ತಕಗಳಲ್ಲಿ ಇಲ್ಲದ ಜಾತಿಯಾದ್ದರಿಂದ ಚೀಟಿಯೂ ಇಲ್ಲ. ಮೊಗ್ಗು ಬಂದರೂ ಉದುರುತ್ತಿತ್ತು, ಈ ಸಲವೇ ಕಾಯಿ ಕಟ್ಟಿದ್ದು. ಬಲಿತ ಬೀಜಕ್ಕೆ ಉಕ್ಕಿನ ಹೊಳಪು ಬರುತ್ತದೆ. ಅದು ಕೈಗೆ ಬಂದಿದ್ದರೆ ಮೇಡಂ ಇದು ಹೊಸ ಜಾತಿ ಎಂದು ಬರೆದು ತೋರಿಸಬಹುದಿತ್ತು. ಈಗ ಗಿಡವೂ ಇಲ್ಲ, ಬೀಜವೂ ಇಲ್ಲ.

ಅವಳು ನೀರು ಕೂಡ ಕುಡಿಯದೆ ಓಡಿದಳು. ಕಸದ ಗುಡ್ಡೆ ಇದ್ದ ಜಾಗದಲ್ಲಿ ಒದ್ದೆ ಗುರುತು ಮಾತ್ರ ಉಳಿದಿತ್ತು. ಟ್ರ್ಯಾಕ್ಟರ್ ಬಂದು ಗೊಬ್ಬರದ ಗುಂಡಿಗೆ ಸಾಗಿಸಿಯಾಗಿತ್ತು.

ಟ್ರ್ಯಾಕ್ಟರ್ ಡ್ರೈವರನಿಗೆ ತೋಟದಲ್ಲಿ ಸಿಡುಕಪ್ಪ ಎಂದೇ ಹೆಸರು. ಗುಂಡಿಯ ಪಕ್ಕದಲ್ಲಿ ಬುತ್ತಿ ಬಿಚ್ಚಿ ಕೂತಿದ್ದ. ಅವಳು ಕಥೆ ಹೇಳಿದಾಗ ತುತ್ತು ನುಂಗಿ ಗೊಣಗಿದ.

“ಗೋಣಿಸೊಪ್ಪು ಹುಡುಕೋಕೆ ಗುಂಡಿಗೆ ಇಳೀತೀರಾ? ನಿಮ್ಮನೆ ಬಾಗಿಲಲ್ಲೇ ಬೆಳೆಯುತ್ತಲ್ರೀ ಅದು.”

ಹಾಗೆಂದವನು ಬುತ್ತಿ ಮುಚ್ಚಿಟ್ಟು ಎದ್ದ. ಬೆಳಗಿನ ಲೋಡು ಯಾವ ಕಡೆ ಬಿದ್ದಿದೆ ಎಂದು ತೋರಿಸಿದ. ಟಾರ್ಪಾಲು ಹಾಸಿ ಕಸವನ್ನು ಗುದ್ದಲಿಯಿಂದ ಎಳೆಯದೆ ಕೈಯಿಂದಲೇ ತೋಡಿ ತೋಡಿ ಅದರ ಮೇಲೆ ಹರಡಿದ. ಅವಳ ಬೆನ್ನಿಗೆ ಬಿಸಿಲು ಬೀಳದಂತೆ ಟ್ರ್ಯಾಕ್ಟರನ್ನು ಹಿಂದೆ ತಂದು ನಿಲ್ಲಿಸಿದ. ನೆರಳಿಗಾಗಿ ಎಂದು ಹೇಳಲಿಲ್ಲ, ಎಂಜಿನ್ ಬಿಸಿಯಾಗಿದೆ ಎಂದು ಏನೋ ನೆಪ ಹೇಳಿದ.

ಕಷ್ಟ ಶುರುವಾದದ್ದು ಆಮೇಲೆ. ಅದೇ ಬೆಳಗ್ಗೆ ಕಾಲುದಾರಿಗಳ ಕಳೆಯನ್ನೂ ಕಿತ್ತಿದ್ದರು. ಟಾರ್ಪಾಲಿನ ತುಂಬ ಅಸಲಿ ಗೋಣಿಸೊಪ್ಪು, ಬುಟ್ಟಿಗಟ್ಟಲೆ. ಬಾಡಿದ ಮೇಲೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಒಂದೊಂದೇ ಎತ್ತಿ ನೋಡಿದಳು, ಕಣ್ಣು ಮಂಜಾಯಿತು. ದುಃಖಕ್ಕೋ ಬಿಸಿಲಿಗೋ ಎರಡೂ ಕಣ್ಣು ಮುಚ್ಚಿಕೊಂಡಳು. ಆಗ ಬೆರಳು ನೆನಪು ಹೇಳಿತು. ಬೆಳಗ್ಗೆ ಕೀಳುವಾಗ ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಏನೋ ಮೆತ್ತಗೆ ತಾಗಿತ್ತು, ಮಡಚಿ ಹೊಲಿಯದೆ ಬಿಟ್ಟ ಬಟ್ಟೆಯ ಅಂಚಿನಲ್ಲಿ ನೂಲೆಳೆ ಇಣುಕಿದ ಹಾಗೆ. ಗೋಣಿಸೊಪ್ಪಿನ ಸಂದು ನುಣ್ಣಗೆ. ಅವಳು ಕಣ್ಣು ಬಿಡದೆ ಕಾಂಡ ಕಾಂಡವನ್ನೂ ಸವರತೊಡಗಿದಳು. ನುಣ್ಣಗಿದ್ದದ್ದು ಎಡಕ್ಕೆ, ನೂಲೆಳೆ ತಾಗಿದ್ದು ಮಡಿಲಿಗೆ.

ಸಾಯಂಕಾಲದ ಹೊತ್ತಿಗೆ ಮಡಿಲಲ್ಲಿ ಹನ್ನೊಂದು ತುಂಡುಗಳಿದ್ದವು. ಸಿಡುಕಪ್ಪ ಹುಡುಕಿಕೊಟ್ಟ ಒಂದೂ ಸರಿಯಾದದ್ದಲ್ಲ, ಆದರೂ ಅವನು ಹುಡುಕುವುದನ್ನು ನಿಲ್ಲಿಸಿರಲಿಲ್ಲ.

ಹನ್ನೊಂದನ್ನೂ ಇಪ್ಪತ್ತಮೂರರಲ್ಲಿ ನೆಟ್ಟಳು. ಮೇಸ್ತ್ರಿಗೆ ಫೋನು ಮಾಡಿದಾಗ ಅವರು, ಇದು ನನ್ನ ಬರವಣಿಗೆಯ ತಪ್ಪು, ಮೇಡಂಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದರು. ಅವರ ಹೆಂಡತಿಯೂ ಹಿಂದಿನಿಂದ ಹೂಂಗುಟ್ಟಿದಳು. ಟೈಲರಮ್ಮನಿಗೆ ಕಣ್ಣು ತುಂಬಿತು. ಆದರೆ ಬೇರೆಯವರ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದಾಗ ಕತ್ತರಿಯ ಮೇಲೆ ತಪ್ಪು ಹೊರಿಸಿದವಳಲ್ಲ ಅವಳು.

ಸಭೆ ಮುಗಿಸಿ ಬಂದ ಮೇಡಂ ಇನ್ನೂ ಚೀಲ ಇಳಿಸಿರಲಿಲ್ಲ, ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ಮೂಲೆಗೆ ಹೋದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸೋತು ಮಲಗಿದ್ದ ಹನ್ನೊಂದು ತುಂಡುಗಳನ್ನು ನೋಡುತ್ತ ಎಷ್ಟು ಹೊತ್ತು ನಿಂತರೆಂದರೆ, ಟೈಲರಮ್ಮ ತನ್ನ ಬುತ್ತಿ ಡಬ್ಬಿ, ಕೊಡೆ ಎಲ್ಲಿವೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದಳು.

“ಆ ರಾಶಿಯಲ್ಲಿ ಇದನ್ನ ಹೇಗೆ ಕಂಡುಹಿಡಿದ್ರಿ?” ಎಂದರು ಮೇಡಂ ಕೊನೆಗೆ.

“ಕಂಡಿಲ್ಲ ಮೇಡಂ. ಬೆರಳಿಗೆ ತಾಗ್ತು.”

ಮೇಡಂ ತಾವೂ ಒಂದು ತುಂಡಿನ ಸಂದಿಯನ್ನು ಸವರಿದರು. ತಿಳಿಯಲಿಲ್ಲ. ಲೆನ್ಸು ತಂದು ನೋಡಿದರು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಅವಳಿಗೂ ಕೂರಲು ಹೇಳಿದರು.

“ತಪ್ಪು ನಿಮ್ಮದೊಂದೇ ಅಲ್ಲ. ಒಂಬತ್ತು ವರ್ಷ ಇದನ್ನ ಒಂದೇ ಟ್ರೇನಲ್ಲಿ ಮುಚ್ಚಿಟ್ಕೊಂಡಿದ್ದೆ. ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸೇ ಬರ್ಲಿಲ್ಲ. ಈಗ ಕಾಯೋಣ. ಈ ಕುಲದ್ದು ಗಟ್ಟಿ ಜೀವ.”

ಕಾದರು. ಮೊದಲ ವಾರದಲ್ಲಿ ನಾಲ್ಕು ಕೊಳೆತವು. ಟೈಲರಮ್ಮನಿಗೆ ಊಟ ಸೇರದಾಯಿತು. ಎರಡನೆಯ ವಾರ ಉಳಿದ ಏಳರ ಎಲೆಗಳ ಸುಕ್ಕು ಬಿಟ್ಟಿತು, ಮೆಲ್ಲನೆ ಎಳೆದು ನೋಡಿದರೆ ಮಣ್ಣು ಹಿಡಿದುಕೊಳ್ಳುತ್ತಿತ್ತು. ಅದರಲ್ಲೊಂದರ ತುದಿಯಲ್ಲಿ ಎರಡು ಕಾಯಿಗಳು ಬಿಚ್ಚದೆ ಉಳಿದಿದ್ದವು. ಒಂದು ಬೆಳಗ್ಗೆ ಅವುಗಳ ತುದಿ ಕುಂಕುಮದ ಭರಣಿಯ ಮುಚ್ಚಳದಂತೆ ತಾನಾಗಿ ಕಳಚಿತು. ಮೇಡಂ ಬಿಳಿ ಕಾಗದ ಹಿಡಿದರು, ಟೈಲರಮ್ಮ ಉಗುರಿನಿಂದ ತಟ್ಟಿದಳು. ಮೂವತ್ತೆಂಟು ಬೀಜ ಬಿದ್ದವು, ಸಾಣೆಯಿಂದ ಸಿಡಿದ ಉಕ್ಕಿನ ಪುಡಿಯ ಹಾಗೆ. ಉಸಿರು ಬಿಟ್ಟರೆ ಹಾರಿಹೋದಾವೆಂದು ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

ತಿಂಗಳಾದ ಮೇಲೆ ಏಳು ಗಿಡಗಳನ್ನು ಮೇಡಂ ಪಾಲು ಮಾಡಿದರು. ನಾಲ್ಕು ಟ್ರೇಯಲ್ಲೇ ಉಳಿದವು. ಒಂದು ಮೇಸ್ತ್ರಿಯ ಕಿಟಕಿಗೆ ಹೋಯಿತು, ಒಂದು ದೂರದ ಇನ್ನೊಂದು ತೋಟಕ್ಕೆ. ಏಳನೆಯದನ್ನು ಸಣ್ಣ ಕುಂಡಕ್ಕೆ ಹಾಕಿ ಟೈಲರಮ್ಮನ ಕೈಗಿಟ್ಟರು. ಅವಳು ಬೇಡವೆಂದು ಎರಡು ಹೆಜ್ಜೆ ಹಿಂದೆ ಸರಿದಳು. ಕಿತ್ತವರಿಗೇ ಇದರ ಬೆಲೆ ಚೆನ್ನಾಗಿ ಗೊತ್ತಿರುವುದು ಎಂದು ಮೇಡಂ ಬಲವಂತ ಮಾಡಿದರು.

ಮನೆಯಲ್ಲಿ ಬಿಸಿಲು ಬೀಳುವ ಜಾಗ ಒಂದೇ. ಅಲ್ಲಿ ಎಂಬತ್ತರ ಅತ್ತೆಯ ಕುರ್ಚಿ. ಮಂಡಿ ನೋವಿಗೆ ಬೆಳಗಿನ ಬಿಸಿಲೇ ಅವರ ಮದ್ದು. ಟೈಲರಮ್ಮ ಕುಂಡ ಹಿಡಿದುಕೊಂಡು ಅಡುಗೆಮನೆ, ಮೆಟ್ಟಿಲು ಎಲ್ಲ ಸುತ್ತಿದಳು. ಅತ್ತೆ ನೋಡುವಷ್ಟು ನೋಡಿ ಕುರ್ಚಿಯ ಕೈ ಹಿಡಿದು ಎದ್ದರು.

“ಇಲ್ಲಿಡು. ನಾನು ಆಚೆ ಸರಿದು ಕೂರ್ತೀನಿ. ಎಂಬತ್ತು ವರ್ಷ ಬಿಸಿಲು ಕಾಸಿದ್ದೀನಿ, ಅದಿನ್ನೂ ಮಗು.”

ಅತ್ತೆಸೊಸೆ ಕುರ್ಚಿಯನ್ನು ಮೂರು ಗೇಣು ಪಕ್ಕಕ್ಕೆ ಎಳೆದರು. ಬಿಸಿಲು ಅರ್ಧ ಕುಂಡಕ್ಕೂ ಅರ್ಧ ಅತ್ತೆಯ ಮಂಡಿಗೂ ಬಿತ್ತು. ಅಂದಿನಿಂದ ಕಾವಲು ಅತ್ತೆಯದೇ ಆಯಿತು. ನೀರಿನ ಚೊಂಬು ಹಿಡಿದು ಯಾರಾದರೂ ಅತ್ತ ಹೋದರೆ, ಎಲೆ ಸುಕ್ಕಾಗುವ ತನಕ ತಡೆಯಿರಿ ಎಂದು ಗದರಿಸುತ್ತಿದ್ದರು.

ಒಂದು ರಜೆಯ ದಿನ ಟೈಲರಮ್ಮ ಒಗೆಯಲು ಬಟ್ಟೆ ನೆನೆಸುತ್ತಿದ್ದಾಗ ಅತ್ತೆ ಕೂಗಿದರು. ಓಡಿ ಬಂದವಳಿಗೆ ಅವರು ಬಾಯಿಯ ಮೇಲೆ ಬೆರಳಿಟ್ಟು ಕುಂಡ ತೋರಿಸಿದರು. ಕಡಲೆಬೇಳೆಯಷ್ಟು ಅಗಲದ ಹಳದಿ ಹೂವೊಂದು ಬಿಸಿಲಿದ್ದ ಕಡೆ ಮುಖ ಮಾಡಿ ಆಗತಾನೆ ಬಿಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನಕ್ಕೆ ಮುಚ್ಚಿಹೋಗುತ್ತದೆ ಎಂದು ಅವಳು ಪಿಸುಗುಟ್ಟಿದಳು.

“ಹಾಗಾದ್ರೆ ಬಟ್ಟೆ ಆಮೇಲೆ ಒಗಿ,” ಎಂದರು ಅತ್ತೆ. “ಬಾ, ಕೂತ್ಕೋ.”