ಇನ್ಹೇಲರ್ ಉಳಿದ ದಡ

ಮಧ್ಯಾಹ್ನ ಒಂದು ಗಂಟೆಗೆ ಅಮೆರಿಕದ ಓಕ್ರಕೋಕ್ ದ್ವೀಪದಿಂದ, ಕಾರುಗಳನ್ನೂ ಸಾಗಿಸುವ ಫೆರಿ ಹೊರಟಿತು. ಏಳು ವರ್ಷದ ಅಮೂಲ್ಯಾ ಅದರಲ್ಲಿದ್ದಳು. ಅವಳ ಆಸ್ತಮಾದ ಇನ್ಹೇಲರ್ ದಡದಲ್ಲಿ, ತಾಯಿ ಸಿದ್ದೇಶ್ವರಿಯ ಪರ್ಸಿನಲ್ಲಿತ್ತು.

ಅದು 1996ರ ಅಕ್ಟೋಬರ್, ಭಾನುವಾರ. ಮಾರಿಸ್‌ವಿಲ್‌ನಿಂದ ಎರಡು ಕುಟುಂಬಗಳು ದ್ವೀಪ ನೋಡಲು ಬಂದಿದ್ದವು. ಇಲ್ಲಿನ ಕನ್ನಡಿಗರು ಜೊತೆಯಾಗಿ ಪ್ರವಾಸ ಹೊರಟರೆ ಮಕ್ಕಳೆಲ್ಲ ಒಂದೇ ವ್ಯಾನಿಗೆ ಸೇರಿಕೊಳ್ಳುವುದು ವಾಡಿಕೆ. ಹಾಗಾಗಿ ಅಮೂಲ್ಯಾ ಬೆಂಗಳೂರು ಕಡೆಯ ವೇಣುಗೋಪಾಲ ಮತ್ತು ರಾಜಲಕ್ಷ್ಮಿಯ ವ್ಯಾನಿನಲ್ಲಿ, ಅವರ ಇಬ್ಬರು ಮಕ್ಕಳ ನಡುವೆ ಕೂತಿದ್ದಳು. ಅವಳ ತಂದೆ ಸೋಮಲಿಂಗಪ್ಪನ ಕಾರು ಹಿಂದಿತ್ತು.

ಅವರು ಸ್ಥಳ ಕಾದಿರಿಸಿದ್ದು ನಾಲ್ಕರ ಫೆರಿಗೆ. ಸಂಜೆ ಗಾಳಿ ಜೋರಾಗುತ್ತದೆಂದು ರೇಡಿಯೋದಲ್ಲಿ ಕೇಳಿ, ಬೇಗ ಬಂದು ಖಾಲಿ ಜಾಗಕ್ಕೆ ಕಾಯುವವರ ಸಾಲಿನಲ್ಲಿ ನಿಂತರು. ಉಳಿದವರೆಲ್ಲ ಹತ್ತಿದ ಮೇಲೆ ಒಂದೇ ಗಾಡಿಗೆ ಜಾಗವಿತ್ತು. ಫೆರಿಯ ನೌಕರ ವ್ಯಾನಿಗೆ ಕೈ ಬೀಸಿದ.

"ಸಾರ್, ಬೇರೆ ಬೇರೆ ಆಗ್ಬಿಡ್ತೀವಲ್ಲ," ಎಂದ ವೇಣುಗೋಪಾಲ.

"ನೀವು ಹೋಗ್ರಿ. ನಾವು ನಾಲ್ಕರದಕ್ಕ ಬರ್ತೀವಿ," ಎಂದ ಸೋಮಲಿಂಗಪ್ಪ. "ಬುತ್ತಿ ಎಲ್ಲಾ ನಮ್ಮ ಕಾರಿನಾಗ ಐತಿ. ಉಪವಾಸ ಏನಿದ್ರೂ ನಿಮಗ!"

ಎಲ್ಲರೂ ನಕ್ಕರು. ಸಿದ್ದೇಶ್ವರಿಯೂ ನಕ್ಕಳು. ಫೆರಿ ದಡ ಬಿಟ್ಟು ತಿರುಗಿದಾಗ ಅವಳಿಗೆ ನೆನಪಾಯಿತು.

"ರೀ, ಕೂಗ್ರಿ ಅವರನ್ನ!"

ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಟಿಕೆಟ್ ಕಿಟಕಿಯ ಹೆಂಗಸು ವಿಷಯ ಕೇಳಿದವಳೇ ರೇಡಿಯೋದಲ್ಲಿ ಕ್ಯಾಪ್ಟನ್‌ನನ್ನು ಸಂಪರ್ಕಿಸಿದಳು. ಮಗು ಚೆನ್ನಾಗಿದೆ, ಕಿಟಕಿ ಪಕ್ಕ ಹಾಡುತ್ತಿದೆ ಎಂದು ಉತ್ತರ ಬಂತು. ಎರಡು ಗಂಟೆಗೆ ಗಾಳಿ ಏರಿತು. ಟಿಕೆಟ್ ಕಿಟಕಿಯ ಮೇಲೆ ಒಂದು ಫಲಕ ತೂಗುಹಾಕಿದರು: ಮುಂದಿನ ಪ್ರಯಾಣಗಳು ರದ್ದು. ಹತ್ತು ನಿಮಿಷದ ನಂತರ ಕ್ಯಾಪ್ಟನ್ ತಾನಾಗಿಯೇ ಕರೆದ. ಮಗು ಕೆಮ್ಮುತ್ತಿತ್ತು.

"ವಾಪಸ್ ತರಲಿಕ್ಕೆ ಹೇಳ್ರಿ," ಎಂದಳು ಸಿದ್ದೇಶ್ವರಿ.

ಸೋಮಲಿಂಗಪ್ಪ ಅದನ್ನು ಇಂಗ್ಲಿಷಿನಲ್ಲಿ ಕೇಳಿದ. ಅರ್ಧ ದಾರಿ ದಾಟಿದೆ, ಈ ಗಾಳಿಗೆ ಎದುರಾಗಿ ಬರುವುದಕ್ಕಿಂತ ಆಚೆ ದಡವೇ ಬೇಗ ಸಿಗುತ್ತದೆ ಎಂದ ಕ್ಯಾಪ್ಟನ್. ಸೋಮಲಿಂಗಪ್ಪ ಗೋಡೆಯ ನಕ್ಷೆ ನೋಡಿದ. ದ್ವೀಪದ ಇನ್ನೊಂದು ತುದಿಯಿಂದ ಹ್ಯಾಟರಸ್‌ಗೆ ಬೇರೆ ಫೆರಿ ಇತ್ತು. ಅಲ್ಲಿಂದ ಸೇತುವೆಗಳ ಮೇಲೆ ಸುತ್ತಿ ಹೋದರೆ ಮಧ್ಯರಾತ್ರಿಗೆ ಆಚೆ ದಡ ತಲುಪಬಹುದು. ಕೇಳಿದ. ಅದೂ ನಿಂತಿತ್ತು.

"ಕೂರಿಸಿದಾರೋ ಮಲಗಿಸಿದಾರೋ ಕೇಳ್ರಿ."

ಪ್ರಶ್ನೆ ಗಂಡನಿಂದ ಕಿಟಕಿಗೆ, ಕಿಟಕಿಯಿಂದ ಕ್ಯಾಪ್ಟನ್‌ಗೆ, ಕ್ಯಾಪ್ಟನ್‌ನಿಂದ ಕೆಳಗಿನ ಕೋಣೆಯಲ್ಲಿದ್ದ ರಾಜಲಕ್ಷ್ಮಿಗೆ ಹೋಗಬೇಕಿತ್ತು. ಉತ್ತರವೂ ಅದೇ ದಾರಿಯಲ್ಲಿ ಬಂತು. ರಾಜಲಕ್ಷ್ಮಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ, ಕಂಬಳಿ ಹೊದಿಸಿದ್ದಾರೆ. ಎದೆಗೆ, ಮೂಗಿಗೆ ವಿಕ್ಸ್ ಹಚ್ಚಿದ್ದಾರೆ.

"ವಿಕ್ಸ್ ಬ್ಯಾಡ! ಅಕಿಗೆ ಅದರ ವಾಸನಿಗೇ ಉಬ್ಬಸ ಹೆಚ್ಚಾಗ್ತೈತಿ! ಒರಸಲಿಕ್ಕೆ ಹೇಳ್ರಿ, ಎಬ್ಬಿಸಿ ಕೂರಿಸಲಿಕ್ಕೆ ಹೇಳ್ರಿ."

"ಹೇಳಾಕತ್ತೀನಲ್ಲ, ತಡಿ."

"ನನ್ನ ಕೈಗೆ ಕೊಡ್ರಿ ಅದನ್ನ. ರಾಜಲಕ್ಷ್ಮಿಗೆ ನಾನ ಹೇಳ್ತೀನಿ."

ಫೆರಿಯ ರೇಡಿಯೋ ಕ್ಯಾಪ್ಟನ್‌ನ ಕೋಣೆಯಲ್ಲಿತ್ತು, ರಾಜಲಕ್ಷ್ಮಿ ಅಲ್ಲಿರಲಿಲ್ಲ. ಕಿಟಕಿಯ ಹೆಂಗಸು ಇದನ್ನು ಎರಡು ಸಲ ವಿವರಿಸಿದಳು. ಆಮೇಲೆ ಹೊರಗೆ ಬಂದು ಸಿದ್ದೇಶ್ವರಿಗೆ ಕುರ್ಚಿ ಕೊಟ್ಟಳು. ಸಿದ್ದೇಶ್ವರಿ ಕೂರಲಿಲ್ಲ. ಇನ್ಹೇಲರನ್ನು ಅಲುಗಾಡಿಸಿ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

ಕ್ಯಾಪ್ಟನ್ ಆಚೆ ದಡಕ್ಕೆ ಆಂಬ್ಯುಲೆನ್ಸ್ ಕೇಳಿದ್ದ. ಫೆರಿಯಲ್ಲಿ ಆಮ್ಲಜನಕದ ಸಣ್ಣ ಸಿಲಿಂಡರ್ ಇತ್ತು, ಅದನ್ನು ಹಾಕಿದರು. ಯಾರ ಬಳಿಯಾದರೂ ಇನ್ಹೇಲರ್ ಇದೆಯೇ ಎಂದು ಧ್ವನಿವರ್ಧಕದಲ್ಲಿ ಕೇಳಿದರು. ಪ್ರಯಾಣಿಕರಲ್ಲಿ ಯಾರ ಬಳಿಯೂ ಇರಲಿಲ್ಲ.

"ಮಾತಾಡಾಕತ್ತಾಳೇನು ಕೇಳ್ರಿ," ಎಂದಳು ಸಿದ್ದೇಶ್ವರಿ.

ಉತ್ತರ ಕೇಳಿಸಿಕೊಂಡ ಸೋಮಲಿಂಗಪ್ಪ ಅದನ್ನು ಹೆಂಡತಿಗೆ ಹೇಳದೆ, ಆಂಬ್ಯುಲೆನ್ಸ್ ಎಲ್ಲಿಗೆ ಬಂತೆಂದು ಕೇಳಿದ.

ಮೂರೂವರೆಗೆ ಫೆರಿ ಆಚೆ ದಡದ ಸೀಡರ್ ಐಲ್ಯಾಂಡ್ ತಲುಪಿತು. ಆಂಬ್ಯುಲೆನ್ಸ್ ಇನ್ನೂ ದಾರಿಯಲ್ಲಿತ್ತು. ವೇಣುಗೋಪಾಲ ಕಾಯದೆ ವ್ಯಾನ್ ಹೊರಡಿಸಿದ, ಜೌಗು ನೆಲದ ನಡುವಿನ ರಸ್ತೆಯಲ್ಲಿ ಆಂಬ್ಯುಲೆನ್ಸ್ ಎದುರಾಯಿತು. ಅಲ್ಲಿ ಮಗುವನ್ನು ಅದಕ್ಕೆ ಹತ್ತಿಸಿದರು.

ಐದೂವರೆಗೆ ಆಸ್ಪತ್ರೆಯಿಂದ ಟಿಕೆಟ್ ಕಚೇರಿಗೆ ಫೋನ್ ಬಂತು. ಉಸಿರಾಟಕ್ಕೆ ಕೊಳವೆ ಹಾಕಬೇಕಾಗಬಹುದು, ತಂದೆತಾಯಿಯ ಒಪ್ಪಿಗೆ ಬೇಕು ಎಂದರು ಡಾಕ್ಟರ್. ಸೋಮಲಿಂಗಪ್ಪ ಎಸ್ ಎಂದ. ಆಸ್ಪತ್ರೆಯ ಇನ್ನೊಬ್ಬರು ಸಾಕ್ಷಿಯಾಗಿ ಕೇಳಿಸಿಕೊಳ್ಳಬೇಕೆಂದು ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆ ಎಸ್ ಎಂದ. ಸಿದ್ದೇಶ್ವರಿ ರಿಸೀವರ್ ತೆಗೆದುಕೊಳ್ಳುವಷ್ಟರಲ್ಲಿ ಲೈನ್ ಕಟ್ಟಾಗಿತ್ತು.

ಸೋಮವಾರವಿಡೀ ಆಸ್ಪತ್ರೆಯಿಂದ ಬಂದ ಉತ್ತರ ಒಂದೇ: ಕೊಳವೆ ಹಾಕಿದ್ದೇವೆ, ಮಗು ಇನ್ನೂ ಕಣ್ಣು ತೆರೆದಿಲ್ಲ. ಫೆರಿಗಳು ಮಂಗಳವಾರ ಬೆಳಿಗ್ಗೆ ಮತ್ತೆ ಶುರುವಾದವು. ಮೊದಲನೆಯದಕ್ಕೆ ಅವರ ಕಾರನ್ನು ಎಲ್ಲರಿಗಿಂತ ಮೊದಲು ಹತ್ತಿಸಿದರು.