ಗಡಿಗೆಯ ತಳದ ಹಿಡಿ

ಊರು ಬಿಡಬೇಕೋ, ಇಲ್ಲೇ ನಿಲ್ಲಬೇಕೋ ಎಂದು ಆ ಊರಿನಲ್ಲಿ ಹಿಂದೆ ಯಾರೂ ಯಾರನ್ನೂ ಕೇಳಿರಲಿಲ್ಲ. ಕೇಳುವುದು ಗೌಡರ ಕಟ್ಟೆಯಲ್ಲಿ, ಹೇಳುವವರೂ ಗೌಡರೇ. ಆದರೆ ೧೯೪೮ರ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಸಂಜೆಯೊಳಗೆ ನಿಜಾಮನ ಕಡೆಯ ರಜಾಕಾರರು ಊರು ಸುಡಲು ಬರುತ್ತಾರೆಂಬ ಸುದ್ದಿ ಆಳಂದದ ಕಡೆಯಿಂದ ಬಂದಾಗ ದೌಲತರಾಯ ಗೌಡನ ಬಾಯೇ ಕಟ್ಟಿಹೋಯಿತು. ಮುಂದೆ ಬಂದವನು ಶಾಲೆಯ ಅಂಬಾರಾಯ ಮಾಸ್ತರ.

"ದಿಲ್ಲ್ಯಾಗ ಕಾಯ್ದೆ ಬರಿಯಾಕತ್ತಾರ. ಗೌಡಗೂ ಒಂದ ಓಟು, ಜೀತದಾಳಿಗೂ ಒಂದ, ಹೆಣ್ಮಕ್ಕಳಿಗೂ ಒಂದ. ಅದು ನಿಜಾಮನ ಸೀಮಿಗೆ ಬರೂತನಕ ನಾವು ಇರ್ತೇವೋ ಇಲ್ಲೋ. ಇವತ್ತ ನಾವ ಮಾಡೂಣು."

ನಿಲ್ಲುವವರಿಗೆ ಹುಣಸೆಬೀಜ, ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗೋಣ ಎನ್ನುವವರಿಗೆ ಶೇಂಗಾಕಾಯಿ. ಗಡಿಗೆ ಸಕ್ಕುಬಾಯಿಯದು. ಗೌಡನ ಸೊಸೆಯರು, ಪಿಂಜಾರ ಸಿಕಂದರ, ಜೀತದ ಸೈದಪ್ಪ, ಎಲ್ಲರೂ ಒಬ್ಬರ ಹಿಂದೊಬ್ಬರು ಬಂದು ಗಡಿಗೆಯೊಳಗೆ ಕೈ ಹಾಕಿದರು.

ಸಕ್ಕುಬಾಯಿ ಹಿಂದೆಮುಂದೆ ನೋಡದೆ ಹುಣಸೆಬೀಜ ಹಾಕಿದಳು. ಮಗಳು ಕಾಶಿಬಾಯಿಗೆ ನಸುಕಿನಿಂದ ಹೆರಿಗೆ ಬೇನೆ. ಕೂಸು ಅಡ್ಡ ಮಲಗಿದೆ, ಬಂಡಿಯಲ್ಲಿ ಹಾಕಿದರೆ ಇಬ್ಬರೂ ದಕ್ಕುವುದಿಲ್ಲ ಎಂದಿದ್ದಳು ಸೂಲಗಿತ್ತಿ ಗೌರಾಬಾಯಿ. ಊರು ನಿಂತರೆ ಅಗಸಿಬಾಗಿಲು ಕಾಯುವ ಗಂಡಸರು ಇರುತ್ತಾರೆ, ಸೂಲಗಿತ್ತಿಯೂ ಇರುತ್ತಾಳೆ. ಅಳಿಯನಂತೂ ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಕ್ಯಾಂಪು ಸೇರಿ ಆರು ತಿಂಗಳಾಗಿತ್ತು.

ಎಣಿಸಲು ಕೂತವನು ನಲವತ್ತು ವರ್ಷ ಊರ ರಾಶಿ ಅಳೆದ ದೇವಿಂದ್ರಪ್ಪ ಮುತ್ಯಾ. ಕಣದ ರೂಢಿಯಂತೆ ಮೊದಲನೆಯದಕ್ಕೆ 'ಒಂದು' ಅನ್ನದೆ 'ಲಾಭ' ಎಂದು ಶುರು ಮಾಡಿದ. ಹುಣಸೆಬೀಜ ಅರವತ್ನಾಲ್ಕು, ಶೇಂಗಾ ಅರವತ್ತು. ಊರು ನಿಲ್ಲುವುದೆಂದು ಆಯಿತು. ಸಕ್ಕುಬಾಯಿಗೆ ಹೋದ ಜೀವ ಬಂದಂತಾಗಿ, ಗಡಿಗೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಓಡಿದಳು.

ನೀರು ಕಾಯಿಸಲು ಗಡಿಗೆ ಎತ್ತಿದರೆ ಒಳಗೆ ಏನೋ ಗಲಗಲ ಎಂದಿತು.

ರಾಶಿ ಅಳೆಯುವವನು ಎಂದೂ ತಳ ಬಳಿಯುವುದಿಲ್ಲ, ಲಕ್ಷ್ಮಿಗೆಂದು ಒಂದು ಹಿಡಿ ಬಿಟ್ಟೇ ಏಳುತ್ತಾನೆ. ಇವತ್ತು ಎಣಿಸುವಾಗಲೂ ಮುದುಕನ ಕೈ ಅಲ್ಲಿಗೇ ನಿಂತಿತ್ತು. ನೋಡುತ್ತ ನಿಂತವರೆಲ್ಲ ರೈತರು, ಯಾರಿಗೂ ತಪ್ಪೆನಿಸಲಿಲ್ಲ. ಕಾಯ್ದೆ ಕಾಯ್ದೆ ಎಂದು ಕುಣಿದ ಮಾಸ್ತರನಿಗೂ ಇಲ್ಲ! ಉಳಿದದ್ದು ಮೂರು ಹುಣಸೆಬೀಜ, ಹನ್ನೊಂದು ಶೇಂಗಾ. ಸಕ್ಕುಬಾಯಿ ಮೂರು ಸಲ ಎಣಿಸಿದಳು. ಮೂರು ಸಲವೂ ಅಷ್ಟೇ.

ಒಲೆಗೆ ಹಾಕಿದರೆ ಮುಗಿಯಿತು, ಯಾರಿಗೆ ಗೊತ್ತಾಗಬೇಕು? ಒಳಗೆ ಕಾಶಿಬಾಯಿ ಚೀರಿದಳು. ಸಕ್ಕುಬಾಯಿ ಮುತ್ಯಾನನ್ನೂ ಮಾಸ್ತರನನ್ನೂ ಕಾಣದ ಆ ದಿಲ್ಲಿಯನ್ನೂ ಬಾಯಿಗೆ ಬಂದಂತೆ ಬೈದಳು. ಆದರೆ ಕೈ ಒಲೆಯ ಕಡೆ ಹೋಗಲಿಲ್ಲ. ಇಷ್ಟು ಜನರ ಬಾಯಿಗೆ ತಾನೊಬ್ಬಳು ಕೈ ಅಡ್ಡ ಹಿಡಿದರೆ, ಇಷ್ಟು ದಿನ ಗೌಡ ಮಾಡಿದ್ದು ಮತ್ತೇನು? ಅಳುತ್ತಲೇ ಕಟ್ಟೆಗೆ ಓಡಿ ಎಲ್ಲರೆದುರು ಗಡಿಗೆ ಬೋರಲು ಹಾಕಿದಳು.

ಮುತ್ಯಾ ಹಣೆ ಬಡಿದುಕೊಂಡ. ಮಾಸ್ತರನ ಮೋರೆ ಕಪ್ಪಿಟ್ಟಿತು. "ಸಕ್ಕುಬಾಯಿ, ನಿಮ್ಮ ಮಗಳು..."

"ಎಣಸ್ರಿ ಮಾಸ್ತರ. ನನ್ನ ಮಾರಿ ಏನ್ ನೋಡ್ತೀರಿ?"

ಹುಣಸೆಬೀಜ ಅರವತ್ತೇಳು, ಶೇಂಗಾ ಎಪ್ಪತ್ತೊಂದು.

ಮಧ್ಯಾಹ್ನದೊಳಗೆ ಊರವರು ಬಂಡಿ ಹೂಡಿದರು. ಗೌರಾಬಾಯಿಯ ಸೆರಗು ಹಿಡಿದು ತಾಯಿಲ್ಲದ ನಾಲ್ಕು ಮೊಮ್ಮಕ್ಕಳು ನಿಂತಿದ್ದವು. ಅವಳು ದಾರ, ಕುಡುಗೋಲು ಕೊಟ್ಟು, ಹೊಕ್ಕಳಬಳ್ಳಿ ಎಲ್ಲಿ ಕಟ್ಟಬೇಕು, ಎಲ್ಲಿ ಕೊಯ್ಯಬೇಕು ಎಂಬುದನ್ನು ಮುಖ ನೋಡದೆ ಹೇಳಿ ಹೋದಳು.

"ಊರು ಏನಂತು ಯವ್ವಾ?" ಕಾಶಿಬಾಯಿ ಕೇಳಿದಳು.

"ಹೋಗೂದಂತ ಆತು, ನನ್ನವ್ವಾ."

"ಚಲೋ ಆತು. ಮಾಸ್ತರು ಹೊಸ್ತಿಲತನಕ ಗಡಿಗಿ ತಂದಾಗ ನಾನೂ ಶೇಂಗಾನ ಹಾಕೇನಿ. ನನ್ನ ಸಲುವಾಗಿ ಎಲ್ಲಾರೂ ಯಾಕ ಸಾಯಬೇಕು?"

ಸಕ್ಕುಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಕೊನೆಯ ಬಂಡಿ ಅಗಸಿ ದಾಟಿದ ಸದ್ದು ಕೇಳಿತು. ಬಾಗಿಲಿಗೆ ಅಗಳಿ ಹಾಕಿ ಬಂದು, ಮಗಳ ಬೆನ್ನಿಗೆ ಒತ್ತಾಗಿ ಕೂತಳು.